ಎಲ್ಲದಕ್ಕೂ ಮೆಜೆಸ್ಟಿಕ್ಕೇ ಯಾಕೆ?

ಈ ಸಲದ ಓದುಗರ ಪ್ರಶ್ನೆಗಳೆಲ್ಲ ಬೆಂಗಳೂರಿನ ಬಸ್ಸು, ಮೆಟ್ರೊ, ಆಟೊಗಳ ಸುತ್ತಲಿನವು. ಉತ್ತರಗಳಲ್ಲಿ ಬರುವ ಬಸ್ ದರ 2025ರ ಜನವರಿಯಲ್ಲಿ, ಮೆಟ್ರೊ ದರ ಅದೇ ಫೆಬ್ರುವರಿಯಲ್ಲಿ, ಆಟೊ ದರ ಅದೇ ಆಗಸ್ಟ್‌ನಲ್ಲಿ ಪರಿಷ್ಕರಣೆಯಾದವು.

ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಪ್ರತಿ ಸೋಮವಾರ ತುಮಕೂರಿನಿಂದ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿಯುತ್ತಾಳೆ. ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಬೇರೆ ಉಪಾಯ ಇದೆಯೆ?
— ಓದುಗರು, ತುಮಕೂರು

ಇದೆ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಬರುವುದನ್ನು ಬಿಡಬೇಕು. ತುಮಕೂರು ರಸ್ತೆಯಲ್ಲಿ ಮಾದಾವರದಿಂದಲೇ ಹಸಿರು ಮೆಟ್ರೊ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಅಲ್ಲಿಯವರೆಗೆ ಮಾರ್ಗ ಮುಂದುವರಿದಿದೆ. ಅಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾದರೆ ನೇರ ಎಲೆಕ್ಟ್ರಾನಿಕ್ ಸಿಟಿ. ನಡುವೆ ಹೊರಗೆ ಬರಬೇಕಾಗಿಲ್ಲ, ಒಂದೇ ಟಿಕೆಟ್ ಸಾಕು. ದೂರ 25 ಕಿ.ಮೀ. ದಾಟುವುದರಿಂದ ದರ 90 ರೂಪಾಯಿ. ಮೆಟ್ರೊದ ಗರಿಷ್ಠ ದರವೂ ಅಷ್ಟೇ.

ಎಡವುವ ಜಾಗ ಮೂರಿವೆ. ಮೊದಲನೆಯದು ಬಸ್ಸಿನಿಂದ ಇಳಿಯುವುದು. ಎಂಟನೇ ಮೈಲಿ ಹತ್ತಿರ ಬಸ್ಸು ಪೀಣ್ಯದ ಮೇಲ್ಸೇತುವೆ ಹತ್ತಿತೆಂದರೆ ಗೊರಗುಂಟೆಪಾಳ್ಯದವರೆಗೆ ಇಳಿಯುವಂತಿಲ್ಲ. ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ನಿಲ್ದಾಣಗಳೆಲ್ಲ ಸೇತುವೆ ಪಕ್ಕದಲ್ಲೇ ಹಿಂದಕ್ಕೆ ಸರಿದುಹೋಗುತ್ತವೆ. ಹಾಗಾಗಿ ಎಲ್ಲಿ ಇಳಿಯುತ್ತೀರೆಂದು ನೆಲಮಂಗಲ ದಾಟುವಾಗಲೇ ಕಂಡಕ್ಟರ್‌ಗೆ ಹೇಳಿ. ತಪ್ಪಿದರೆ ಗಾಬರಿ ಬೇಡ, ಗೊರಗುಂಟೆಪಾಳ್ಯದಲ್ಲೂ ಮೆಟ್ರೊ ಇದೆ.

ಎರಡನೆಯದು ಹೆಸರಿನ ಗೊಂದಲ. ಹಸಿರು ಮಾರ್ಗದ ದಕ್ಷಿಣ ತುದಿಯ ಹೆಸರು ರೇಷ್ಮೆ ಸಂಸ್ಥೆ, ಅಂದರೆ ಸಿಲ್ಕ್ ಇನ್‌ಸ್ಟಿಟ್ಯೂಟ್. ಅದು ಕನಕಪುರ ರಸ್ತೆಯಲ್ಲಿದೆ. ಎಲ್ಲರ ಬಾಯಲ್ಲಿರುವ ಸಿಲ್ಕ್ ಬೋರ್ಡ್ ಬೇರೆ. ಅದು ಹೊಸೂರು ರಸ್ತೆಯಲ್ಲಿ, ಹಳದಿ ಮಾರ್ಗದಲ್ಲಿದೆ. 'ಸಿಲ್ಕ್' ಎಂದು ಕೇಳಿಸಿದ್ದೇ ಕೂತು ಕೊನೆಯವರೆಗೆ ಹೋದವರು ಪೂರ್ತಿ ಬೇರೆ ದಿಕ್ಕಿನಲ್ಲಿ ಇಳಿಯುತ್ತಾರೆ. ಆರ್.ವಿ. ರಸ್ತೆಗೆ ಬೋರ್ಡಿನಲ್ಲಿ 'ರಾಷ್ಟ್ರೀಯ ವಿದ್ಯಾಲಯ ರಸ್ತೆ' ಎಂಬ ಪೂರ್ತಿ ಹೆಸರೂ ಇರುತ್ತದೆ. ಜಯನಗರ ಬಂದಾಗ ಎದ್ದು ನಿಲ್ಲಿ, ಮುಂದಿನದೇ ಅದು.

ಮೂರನೆಯದು ಹಳದಿ ಮಾರ್ಗದ ಕಾಯುವಿಕೆ. 2025ರ ಆಗಸ್ಟ್ 11ರಂದು ಜನರಿಗೆ ತೆರೆದಾಗ ಮೂರೇ ರೈಲು, 25 ನಿಮಿಷಕ್ಕೊಂದು. ರೈಲುಗಳು ಸೇರಿದ ಹಾಗೆ ಅಂತರ ಇಳಿಯುತ್ತ ಬಂದಿದೆ. ಆದರೂ ಹಸಿರು ಮಾರ್ಗದ ಹಾಗೆ ಒಂದು ತಪ್ಪಿದರೆ ಇನ್ನೊಂದು ಎಂಬ ಧೈರ್ಯದಲ್ಲಿ ಮನೆ ಬಿಡಬೇಡಿ. ಇಳಿಯುವ ಕಡೆಯೂ ವಿಚಾರಿಸಿಕೊಳ್ಳಿ: ಕೋನಪ್ಪನ ಅಗ್ರಹಾರ, ಎಲೆಕ್ಟ್ರಾನಿಕ್ ಸಿಟಿ ಅಕ್ಕಪಕ್ಕದ ನಿಲ್ದಾಣಗಳು, ಕಂಪನಿಯ ಗೇಟು ಯಾವುದಕ್ಕೆ ಹತ್ತಿರವೋ ನೋಡಬೇಕು.

ಸೋಮವಾರ ಎಂದಿದ್ದೀರಿ. ಊರಿಂದ ವಾಪಸಾಗುವವರಿಗೆಂದೇ ಸೋಮವಾರ ಬೆಳಿಗ್ಗೆ 4.15ಕ್ಕೆ ನೇರಳೆ, ಹಸಿರು ಮಾರ್ಗಗಳು ಶುರುವಾಗುತ್ತವೆ. 2025ರ ಜನವರಿಯಿಂದ ಬಂದ ಅನುಕೂಲ ಇದು. ಭಾನುವಾರ ಮಾತ್ರ 7 ಗಂಟೆಯವರೆಗೆ ಮೆಟ್ರೊ ಇಲ್ಲ. ರಾತ್ರಿ ಬಸ್ಸಿನಲ್ಲಿ ಬಂದು ಭಾನುವಾರ ಐದಕ್ಕೇ ಇಳಿದರೆ ಬಾಗಿಲ ಮುಂದೆ ಕೂರಬೇಕಾಗುತ್ತದೆ.

ಉಳಿದ ದಿಕ್ಕಿನವರಿಗೂ ಇದೇ ಮಾತು. ಮೈಸೂರು ಕಡೆಯಿಂದ ಬರುವವರಿಗೆ ಕೆಂಗೇರಿ, ಕೋಲಾರದವರಿಗೆ ಕೆ.ಆರ್. ಪುರ, ಹೊಸೂರಿನವರಿಗೆ ಬೊಮ್ಮಸಂದ್ರ. ಕೋಲಾರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಮೆಟ್ರೊ ನಂಬಿ ಮೆಜೆಸ್ಟಿಕ್ ಸುತ್ತುವ ಬದಲು ಕೆ.ಆರ್. ಪುರದಲ್ಲಿ 500ಡಿ ನಂಬರಿನ ಬಸ್ಸು ಹತ್ತಿ ಸಿಲ್ಕ್ ಬೋರ್ಡ್‌ನಲ್ಲಿ ಹಳದಿ ಮೆಟ್ರೊ ಹಿಡಿಯಬಹುದು. ಬೆಳಗಿನ ಒಂಬತ್ತರ ಹೊತ್ತಿಗೆ ಹೊರವರ್ತುಲ ರಸ್ತೆ ಕಟ್ಟಿಕೊಂಡಿದ್ದರೆ ಮಾತ್ರ ಸುತ್ತು ದಾರಿಯ ಮೆಟ್ರೊವೇ ವಾಸಿ. ಚಿಕ್ಕಬಳ್ಳಾಪುರದ ಕಡೆಯವರಿಗೆ ಈ ಸೌಕರ್ಯ ಇನ್ನೂ ಇಲ್ಲ. ಹೆಬ್ಬಾಳದಲ್ಲಿ ಇಳಿದು ಬಸ್ಸೇ ಗತಿ.

ಹೊಸದಾಗಿ ಬೆಂಗಳೂರಿಗೆ ವರ್ಗವಾಗಿ ಬಂದಿದ್ದೇನೆ. ಬಿಎಂಟಿಸಿ ಬಸ್ ನಂಬರುಗಳಿಗೆ ಏನಾದರೂ ಅರ್ಥ ಇದೆಯೊ, ಬಾಯಿಪಾಠವೇ ಮಾಡಬೇಕೊ?
— ಶಿವಮೊಗ್ಗದ ಓದುಗರು, ಈಗ ವಿಜಯನಗರ ವಾಸಿ

ಬಾಯಿಪಾಠ ಬೇಡ. ಮೆಜೆಸ್ಟಿಕ್ಕನ್ನು ಗಡಿಯಾರದ ನಡುವಿನ ಮೊಳೆ ಎಂದುಕೊಳ್ಳಿ. ದಕ್ಷಿಣದಲ್ಲಿ ಕನಕಪುರ ರಸ್ತೆಯಿಂದ ಹೊರಟು ಮುಳ್ಳು ತಿರುಗುವ ದಿಕ್ಕಿನಲ್ಲೇ ನಂಬರು ಏರುತ್ತ ಹೋಗುತ್ತದೆ. 210ರ ಆಸುಪಾಸು ಕನಕಪುರ ರಸ್ತೆ, 220ರ ಸಾಲು ಮೈಸೂರು ರಸ್ತೆ, 240ರ ಹತ್ತಿರ ಮಾಗಡಿ ರಸ್ತೆ, 250ರದ್ದು ತುಮಕೂರು ರಸ್ತೆ (ನೆಲಮಂಗಲದ 258 ನೆನಪಿಟ್ಟುಕೊಳ್ಳಿ), 280-290 ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ. ಅಲ್ಲಿಂದ ಪೂರ್ವಕ್ಕೆ ಹೊರಳಿದರೆ 300-317 ಹಳೇ ಮದ್ರಾಸ್ ರಸ್ತೆ, ಹೊಸಕೋಟೆ, 335 ವೈಟ್‌ಫೀಲ್ಡ್, ಕಾಡುಗೋಡಿ, 342 ಸರ್ಜಾಪುರ, 356 ಹೊಸೂರು ರಸ್ತೆ, 365 ಬನ್ನೇರುಘಟ್ಟ. ಒಂದು ಸುತ್ತು ಮುಗಿಯಿತು. ಅಪವಾದಗಳಿವೆ. ಆದರೂ ದಾರಿಯಲ್ಲಿ 27ರಿಂದ ಶುರುವಾಗುವ ಮೂರಂಕಿಯ ಬಸ್ಸು ಕಂಡರೆ ಅದು ಊರಿನ ಉತ್ತರ-ವಾಯವ್ಯದ ಕಡೆಯದೆಂದು ಧೈರ್ಯವಾಗಿ ಊಹಿಸಬಹುದು.

ಒಂದಂಕಿ, ಎರಡಂಕಿಯವು ಬಹುಪಾಲು ಹಳೇ ಬಡಾವಣೆಗಳವು, ಬಿಟಿಎಸ್ ಕಾಲದಿಂದ ಬಂದವು. (1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಮೇಲೆ ಬಿಎಂಟಿಸಿ ಎಂಬ ಹೆಸರು. ಈಗಲೂ 'ಬಿಟಿಎಸ್ ಬಸ್ಸು' ಎನ್ನುವ ಹಿರಿಯರು ಬೇಕಾದಷ್ಟು ಜನ ಸಿಗುತ್ತಾರೆ.) 400, 500ರ ಸಾಲಿನವು ಸಾಮಾನ್ಯವಾಗಿ ಮೆಜೆಸ್ಟಿಕ್ ಮುಟ್ಟುವುದೇ ಇಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವರ್ತುಲ ರಸ್ತೆಗಳಲ್ಲಿ ಓಡುತ್ತವೆ. ಹೊಸಬರು ಕಲಿಯಬೇಕಾದ್ದು ಈ ನಂಬರುಗಳನ್ನೇ. ಮುಂದೆ ವಿ ಇದ್ದರೆ ಎ.ಸಿ. ವಜ್ರ, ಕೆಐಎ ಇದ್ದರೆ ವಿಮಾನ ನಿಲ್ದಾಣದ ವಾಯು ವಜ್ರ, ಎಂಎಫ್ ಇದ್ದರೆ ಮೆಟ್ರೊ ಫೀಡರ್.

ಅಂಕಿಯ ಹಿಂದಿನ ಅಕ್ಷರವೇ ಮೋಸ ಮಾಡುವುದು. ಅಂಕಿ ದಿಕ್ಕು ಹೇಳುತ್ತದೆ. ಅಕ್ಷರ ಬದಲಾದರೆ ಕೊನೆಯ ನಿಲ್ದಾಣವೊ ನಡುವಿನ ದಾರಿಯೊ ಬದಲಾಗಿರುತ್ತದೆ. '335 ಬಂತು' ಎಂದು ಓಡಿ ಹತ್ತಿದರೆ ಅದು ಕಾಡುಗೋಡಿಗೆ ಹೋಗುವ 335ಇ ಆಗಿರಲೇಬೇಕೆಂದಿಲ್ಲ. ಬೋರ್ಡಿನಲ್ಲಿ ಅಂಕಿಯಷ್ಟೇ ಅಲ್ಲ, ದಪ್ಪಕ್ಷರದ ಊರಿನ ಹೆಸರು ಓದಿ. ಹೋಗುವುದಕ್ಕೂ ಬರುವುದಕ್ಕೂ ಒಂದೇ ನಂಬರಾದ್ದರಿಂದ ವರ್ತುಲ ರಸ್ತೆಯಲ್ಲಿ ತಪ್ಪು ಬದಿಯಲ್ಲಿ ನಿಂತು ಸರಿಯಾದ ನಂಬರಿನ ಬಸ್ಸನ್ನೇ ಹತ್ತಿ ಉಲ್ಟಾ ಹೋಗುವವರು ದಿನಾ ಇದ್ದಾರೆ. ಹತ್ತುವಾಗ ಬಾಗಿಲಲ್ಲಿ 'ಸಿಲ್ಕ್ ಬೋರ್ಡ್ ಹೋಗುತ್ತಾ?' ಎಂದು ಕೇಳಿದರೆ ನಾಚಿಕೆಯೇನಿಲ್ಲ, ಹುಟ್ಟಿ ಬೆಳೆದವರೂ ಕೇಳುತ್ತಾರೆ.

ಅರ್ಧ ಗಂಟೆ ಒಂದೂ ಬಸ್ಸಿಲ್ಲ. ಆಮೇಲೆ ಒಂದೇ ನಂಬರಿನವು ಮೂರು ಒಟ್ಟಿಗೆ. ಡ್ರೈವರ್‌ಗಳು ಬೇಕೆಂದೇ ಹೀಗೆ ಮಾಡುತ್ತಾರೆಯೆ?
— ಓದುಗರು, ಮಾರತ್‌ಹಳ್ಳಿ

ಬಹುಮಟ್ಟಿಗೆ ಇಲ್ಲ. ಡಿಪೋದಿಂದ ಸರಿಯಾದ ಅಂತರದಲ್ಲೇ ಹೊರಟರೂ ಬಸ್ಸುಗಳು ತಾವಾಗಿ ಗುಂಪುಗೂಡುತ್ತವೆ. ಒಂದು ಲೆಕ್ಕ ಹಾಕೋಣ. ಹತ್ತು ನಿಮಿಷಕ್ಕೊಂದು ಬಸ್ಸು. ಪ್ರತಿ ಸ್ಟಾಪಿಗೆ ನಿಮಿಷಕ್ಕೊಬ್ಬರು ಬರುತ್ತಾರೆ. ಒಬ್ಬರು ಹತ್ತಲು 3 ಸೆಕೆಂಡು. ಎಲ್ಲ ಸರಿ ಇದ್ದರೆ ಪ್ರತಿ ಸ್ಟಾಪಿನಲ್ಲೂ 10 ಜನ, 30 ಸೆಕೆಂಡು. ಈಗ ಮೊದಲ ಬಸ್ಸು ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು 4 ನಿಮಿಷ ತಡವಾಯಿತು. ಮುಂದಿನ ಸ್ಟಾಪಿನಲ್ಲಿ ಅದಕ್ಕೆ 14 ಜನ ಕಾದಿರುತ್ತಾರೆ. 42 ಸೆಕೆಂಡು ಬೇಕು. ಹಿಂದಿನ ಬಸ್ಸಿಗೆ ಉಳಿದವರು ಆರೇ ಜನ. 18 ಸೆಕೆಂಡಿಗೆ ಹೊರಟುಬಿಡುತ್ತದೆ. ಅಂದರೆ ಒಂದೊಂದು ಸ್ಟಾಪಿಗೂ ನಡುವಿನ ಅಂತರ 24 ಸೆಕೆಂಡು ಕರಗುತ್ತದೆ. ಅಂತರ ಕಿರಿದಾದಷ್ಟೂ ಹಿಂದಿನದಕ್ಕೆ ಜನ ಇನ್ನೂ ಕಡಿಮೆ, ಮುಂದಿನದಕ್ಕೆ ಇನ್ನೂ ಜಾಸ್ತಿ. 6 ನಿಮಿಷದ ಅಂತರ ಮುಗಿಯಲು ಹದಿನೈದು ಸ್ಟಾಪು ಕೂಡ ಬೇಕಿಲ್ಲ. ಸಿಲ್ಕ್ ಬೋರ್ಡ್‌ನಿಂದ ಹೊರಟದ್ದು ಮಾರತ್‌ಹಳ್ಳಿ ಸೇರುವಷ್ಟರಲ್ಲಿ ಒಂದರ ಬಾಲ ಒಂದು ಹಿಡಿದಿರುತ್ತದೆ.

ತುಂಬಿದ ಬಸ್ಸಿನಲ್ಲಿ ಇದು ಇನ್ನೂ ಕೆಡುತ್ತದೆ. ಬಾಗಿಲಲ್ಲಿ ನಾಲ್ಕು ಜನ ಜೋತುಬಿದ್ದಾಗ ಇಳಿಯುವವರಿಗೆ ದಾರಿ ಬಿಡಲು ಅವರೇ ಮೊದಲು ಇಳಿಯಬೇಕು, ಮತ್ತೆ ಹತ್ತಬೇಕು. ಕಂಡಕ್ಟರ್ 'ಒಳಗ್ ಹೋಗಿ, ಒಳಗ್ ಹೋಗಿ' ಎಂದು ಕೂಗುವುದು ಸುಮ್ಮನೆ ಅಲ್ಲ. ನಡುವೆ ಜಾಗ ಖಾಲಿ ಇದ್ದು ಬಾಗಿಲು ಕಟ್ಟಿಕೊಂಡರೆ ಪ್ರತಿ ಸ್ಟಾಪಿನಲ್ಲೂ ಹತ್ತು-ಹದಿನೈದು ಸೆಕೆಂಡು ಹೋಗುತ್ತದೆ.

ನೀವು ಮಾಡಬಹುದಾದ್ದು: ಮೊದಲ ಬಸ್ಸು ಕಿಕ್ಕಿರಿದಿದ್ದು, ಹಿಂದೆಯೇ ಅದೇ ನಂಬರು, ಅದೇ ಅಕ್ಷರದ ಬಸ್ಸು ಕಣ್ಣಿಗೆ ಕಾಣುತ್ತಿದ್ದರೆ ಮೊದಲನೆಯದನ್ನು ಬಿಡಿ. ಎರಡನೆಯದರಲ್ಲಿ ಸೀಟು ಸಿಗುವ ಸಂಭವ ಹೆಚ್ಚು. ಕಣ್ಣಿಗೆ ಕಾಣದಿದ್ದರೆ ಬಿಡಬೇಡಿ. ಆ್ಯಪ್ ನೋಡಿಕೊಂಡು ಬಿಟ್ಟರೆ ಮೋಸ ಹೋಗಬಹುದು.

ಹಾಗಾದರೆ 'ನಮ್ಮ ಬಿಎಂಟಿಸಿ' ಆ್ಯಪ್ ತೋರಿಸುವ ಬಸ್ಸು ಬಾರದೇ ಇರುವುದೇಕೆ?
— ಓದುಗರು, ಬನಶಂಕರಿ

ಜಿಪಿಎಸ್ ಪೆಟ್ಟಿಗೆ ಇರುವುದು ಗಾಡಿಯಲ್ಲಿ; ರೂಟ್ ನಂಬರು ಇರುವುದು ಶೆಡ್ಯೂಲಿನಲ್ಲಿ. ಇವೆರಡನ್ನು ಹೊಂದಿಸಿದರಷ್ಟೇ ಆ್ಯಪ್‌ನಲ್ಲಿ ಸರಿಯಾದ ಬಸ್ಸು ಕಾಣುತ್ತದೆ. ಗಾಡಿ ಕೆಟ್ಟು ಬೇರೆಯದನ್ನು ಕಳಿಸಿದಾಗ, ಟ್ರಿಪ್ ಅರ್ಧಕ್ಕೆ ಮೊಟಕಾದಾಗ ಜೋಡಿ ತಪ್ಪುತ್ತದೆ. ಪರದೆಯಲ್ಲಿ ನಕ್ಷೆಯ ಮೇಲೆ ಚಲಿಸುತ್ತಿರುವ ಬಸ್ಸನ್ನು ನಂಬಿ. ಬರೀ ಸಮಯ ಮಾತ್ರ ಬರೆದಿದ್ದರೆ ಅದು ವೇಳಾಪಟ್ಟಿಯ ಲೆಕ್ಕ ಇರಬಹುದು. ಎರಡು ನಿಮಿಷ ಬಿಟ್ಟು ಮತ್ತೆ ನೋಡಿ, ಬಸ್ಸಿನ ಗುರುತು ಜರುಗಿದ್ದರೆ ಕಾಯಿರಿ.

ಹೇಗಿದ್ದರೂ ಹೆಂಗಸರಿಗೆ ಉಚಿತ ಅಂದಮೇಲೆ ಟಿಕೆಟ್ ಯಾಕೆ ತೆಗೆದುಕೊಳ್ಳಬೇಕು? ಎಲೆಕ್ಟ್ರಿಕ್ ಬಸ್ಸಿಗೂ ಉಚಿತವೆ?
— ಓದುಗರು, ಚನ್ನಪಟ್ಟಣ

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರ ನಿಗಮಕ್ಕೆ ಹಣ ಕೊಡುವುದು ಶೂನ್ಯ ಟಿಕೆಟ್ಟುಗಳ ಲೆಕ್ಕದ ಮೇಲೆ. ನೀವು ಟಿಕೆಟ್ ಪಡೆಯದಿದ್ದರೆ ಆ ಪ್ರಯಾಣ ನಡೆದೇ ಇಲ್ಲ ಎಂದಾಯಿತು. ತನಿಖೆಯವರು ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕರೇ. ಇಳಿಯುವ ಊರು ಸರಿಯಾಗಿ ಹೇಳಿ. ಸಿಲ್ಕ್ ಬೋರ್ಡ್‌ಗೆ ಟಿಕೆಟ್ ಪಡೆದು ಮುಂದಕ್ಕೆ ಹೋದರೆ ಅದೂ ತಪ್ಪೇ.

ಕರ್ನಾಟಕದ ವಿಳಾಸ ಇರುವ, ಸರ್ಕಾರ ಕೊಟ್ಟ ಗುರುತಿನ ಚೀಟಿ ತೋರಿಸಬೇಕು: ಆಧಾರ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ಸರಿ. ಮದುವೆಯಾಗಿ ಬೇರೆ ರಾಜ್ಯದಿಂದ ಬಂದವರು ಆಧಾರ್ ವಿಳಾಸ ಬದಲಿಸದೆ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಎ.ಸಿ. ಇಲ್ಲದ ಎಲೆಕ್ಟ್ರಿಕ್ ಬಸ್ಸು ಉಚಿತ. ವಜ್ರ, ವಾಯು ವಜ್ರ ಅಲ್ಲ.

ತಿಂಗಳ ಪಾಸು ಲಾಭವೊ, ದಿನಾ ಟಿಕೆಟ್ ಲಾಭವೊ?
— ಓದುಗರು, ಪೀಣ್ಯ

ಎಷ್ಟು ಬಸ್ ಬದಲಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ಬಸ್ಸಿನ ಪಾಸು ದಿನಕ್ಕೆ 80, ವಾರಕ್ಕೆ 350, ತಿಂಗಳಿಗೆ 1,200 ರೂಪಾಯಿ. ಒಂದೇ ಬಸ್ಸಿನಲ್ಲಿ 23 ರೂಪಾಯಿ ಕೊಟ್ಟು ಹೋಗಿ ಬರುವವರಿಗೆ 26 ದಿನಕ್ಕೆ ಆಗುವುದು 1,196. ನಾಲ್ಕು ರೂಪಾಯಿಯ ವ್ಯತ್ಯಾಸ. ಒಂದು ದಿನ ರಜೆ ಹಾಕಿದರೂ ಪಾಸು ನಷ್ಟ. ಅದೇ 18 ಒಂದು, 12 ಒಂದು ಎಂದು ಎರಡು ಬಸ್ ಹಿಡಿಯುವವರಿಗೆ ದಿನಕ್ಕೆ 60, ತಿಂಗಳಿಗೆ 1,560. ಪಾಸಿನಿಂದ 360 ಉಳಿತಾಯ. ಸ್ಟೇಜ್ (ದರ ಏರುವ ಹಂತ) ಲೆಕ್ಕ ಪ್ರತಿ ಬಸ್ಸಿಗೂ ಹೊಸದಾಗಿ ಶುರುವಾಗುವುದರಿಂದ ಬಸ್ ಬದಲಿಸುವವರೇ ಹೆಚ್ಚು ಕೊಡುತ್ತಾರೆ, ಪಾಸು ಅವರಿಗೆಂದೇ ಇರುವುದು. ದಿನದ ಪಾಸಿಗೆ ನಡುರಾತ್ರಿಯೇ ಕೊನೆ. 24 ಗಂಟೆಯ ಲೆಕ್ಕವಲ್ಲ. ಸಂಜೆ ಆರಕ್ಕೆ ಕೊಂಡು ಪ್ರಯೋಜನವಿಲ್ಲ.

ಮೆಟ್ರೊ ಕಾರ್ಡಿನಲ್ಲಿ 85 ರೂಪಾಯಿ ಇದ್ದರೂ ಗೇಟು ತೆರೆಯಲಿಲ್ಲ. ಹೋಗಬೇಕಿದ್ದದ್ದು ಎರಡೇ ನಿಲ್ದಾಣ!
— ಓದುಗರು, ರಾಜಾಜಿನಗರ

ನೀವು ಎಲ್ಲಿ ಇಳಿಯುತ್ತೀರೆಂದು ಒಳಹೋಗುವ ಗೇಟಿಗೆ ಗೊತ್ತಿಲ್ಲ. ಆದ್ದರಿಂದ ಗರಿಷ್ಠ ದರವಾದ 90 ರೂಪಾಯಿ ಇದೆಯೆ ಎಂದು ನೋಡಿಯೇ ಬಿಡುತ್ತದೆ. ಕಡಿತ ಆಗುವುದು ಹೊರಬರುವಾಗ. ಬಾಕಿ 150ಕ್ಕಿಂತ ಕೆಳಗೆ ಇಳಿದಾಗಲೇ ರೀಚಾರ್ಜ್ ಮಾಡುವ ರೂಢಿ ಇಟ್ಟುಕೊಳ್ಳಿ. ಕಾರ್ಡಿಗೆ ಶೇ 5 ರಿಯಾಯಿತಿ. ಬೆಳಿಗ್ಗೆ 8ರ ಒಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ ಇನ್ನೂ 5 ಸೇರಿ ಶೇ 10. ಭಾನುವಾರ ಇಡೀ ದಿನ ಶೇ 10. ಅಂದರೆ 60 ರೂಪಾಯಿ ದಾರಿಗೆ 57 ಅಥವಾ 54.

ಮೊಬೈಲಿನ ಕ್ಯೂಆರ್ ಟಿಕೆಟ್ ಬಳಸುವವರು ಪರದೆಯ ಬೆಳಕು ಏರಿಸಿಕೊಂಡು ಗೇಟಿಗೆ ಹೋಗಿ. ಮಬ್ಬಾದರೆ, ಗಾಜು ಸೀಳಿದ್ದರೆ ಓದುವುದಿಲ್ಲ. ಹೊರಬರಲೂ ಅದೇ ಕ್ಯೂಆರ್ ಬೇಕು. ಚಾರ್ಜ್ ಐದು ಪರ್ಸೆಂಟ್ ಇದ್ದಾಗ ಟೋಕನ್ನೇ ಜಾಣತನ.

ರೈಲು 'ಬೈಯಪ್ಪನಹಳ್ಳಿಯಿಂದ' ಎಂದಿದ್ದರು. ಬೈಯಪ್ಪನಹಳ್ಳಿ ಮೆಟ್ರೊದಲ್ಲಿ ಇಳಿದರೆ ಅಲ್ಲಿ ಆ ರೈಲೇ ಇರಲಿಲ್ಲ.
— ಓದುಗರು, ಮಂಡ್ಯ

ಅಲ್ಲಿ ಎರಡು ರೈಲು ನಿಲ್ದಾಣ ಇವೆ. ಮೆಟ್ರೊ ಪಕ್ಕದಲ್ಲೇ ಇರುವುದು ಹಳೆಯ ಚಿಕ್ಕ ಬೈಯಪ್ಪನಹಳ್ಳಿ. ದೂರದ ರೈಲುಗಳು ಹೊರಡುವುದು 2022ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ಅದು ಅಲ್ಲಿಂದ ಮುಂದೆ, ಇನ್ನೊಂದು ಬದಿಯಲ್ಲಿದೆ. ಮೆಟ್ರೊ ಬಾಗಿಲಿಗೇ ಹೋಗಿ ನಿಲ್ಲುವುದಿಲ್ಲ. ಬೈಯಪ್ಪನಹಳ್ಳಿ ಅಥವಾ ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬೇಕು. 'ಎಸ್‌ಎಂವಿಟಿ' ಅಥವಾ 'ಹೊಸ ಟರ್ಮಿನಲ್' ಎಂದು ಬಿಡಿಸಿ ಹೇಳಿ. ಕೈಯಲ್ಲಿ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಟಿಕೆಟ್ ಮೇಲಿನ ಸಂಕೇತ ನೋಡುವುದೇ ಖಾತ್ರಿ. ಎಸ್‌ಬಿಸಿ ಎಂದರೆ ಮೆಜೆಸ್ಟಿಕ್ ಎದುರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ವೈಪಿಆರ್ ಯಶವಂತಪುರ, ಎಸ್‌ಎಂವಿಬಿ ಹೊಸ ಟರ್ಮಿನಲ್, ಬಿಎನ್‌ಸಿ ದಂಡು, ಕೆಜೆಎಂ ಕೃಷ್ಣರಾಜಪುರ. ಬರೀ 'ಬೆಂಗಳೂರು' ಎಂದು ಓದಿ ಮೆಜೆಸ್ಟಿಕ್‌ಗೆ ಹೋಗುವುದು ಹಳೇ ಅಭ್ಯಾಸ. ಈಗ ಅದಕ್ಕೆ ರೈಲು ತಪ್ಪುತ್ತದೆ.

ಕಂಡಕ್ಟರ್ ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದುಕೊಟ್ಟು, ಕೇಳಲು ಮರೆತು ಇಳಿದರೆ?
— ಓದುಗರು, ಹಾಸನ

ಟಿಕೆಟ್ ಎಸೆಯಬೇಡಿ. ಮೆಷಿನ್ ಟಿಕೆಟ್ಟಿನಲ್ಲಿ ದಿನಾಂಕ, ಹೊತ್ತು, ಬಸ್ಸಿನ ಮಾರ್ಗ ಅಚ್ಚಾಗಿರುತ್ತದೆ. ಕೊನೆಯ ನಿಲ್ದಾಣದ ಟಿ.ಸಿ. (ಸಂಚಾರ ನಿಯಂತ್ರಕರು) ಬಳಿಯೊ, ಆ ಡಿಪೋದಲ್ಲೊ ತೋರಿಸಿ ಕೇಳಬಹುದು. ಆ ಕಾಗದದ ಶಾಯಿ ಬಿಸಿಲಿಗೆ, ಬೆವರಿಗೆ ಅಳಿಸಿಹೋಗುತ್ತದೆ. ಅಂದೇ ಫೋಟೊ ತೆಗೆದುಕೊಳ್ಳಿ, ಹಿಂಬದಿಯದ್ದೂ ಸೇರಿಸಿ. ಎಂಟು ರೂಪಾಯಿಗೆ ಡಿಪೋವರೆಗೆ ಹೋಗುತ್ತೀರಾ ಎಂಬುದು ನಿಮಗೆ ಬಿಟ್ಟದ್ದು.

ಇನ್ನೊಂದು ಪದ್ಧತಿಯಿದೆ: ಇಬ್ಬರ ಬಾಕಿ ಸೇರಿಸಿ ಒಬ್ಬರ ಕೈಗೆ ನೋಟು ಕೊಟ್ಟು 'ನೀವಿಬ್ಬರೂ ಹಂಚಿಕೊಳ್ಳಿ' ಎನ್ನುವುದು. ಆಗ ಇಬ್ಬರಲ್ಲಿ ಮೊದಲು ಇಳಿಯುವವರು ಯಾರೆಂದು ಅಲ್ಲೇ ಕೇಳಿಕೊಳ್ಳಿ. ಯುಪಿಐ ಇದ್ದರೆ ಕಂಡಕ್ಟರ್ ಬಳಿಯ ಕ್ಯೂಆರ್ ಕೇಳಿ. ಬಸ್ಸು ಸುರಂಗರಸ್ತೆಯೊಳಗೆ ಇದ್ದಾಗ ಮಾತ್ರ ಪ್ರಯತ್ನಿಸಬೇಡಿ, ನೆಟ್‌ವರ್ಕ್ ಕೈಕೊಟ್ಟರೆ ಹಣ ಹೋಯಿತೊ ಇಲ್ಲವೊ ಎಂಬ ವಾದ ಶುರುವಾಗುತ್ತದೆ.

ಆಟೊ ಮೀಟರಿನ ಲೆಕ್ಕ ಹೇಳಿ.
— ಓದುಗರು, ಮಲ್ಲೇಶ್ವರ

ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18 ರೂಪಾಯಿ. ಏಳೂವರೆ ಕಿ.ಮೀ. ಹೋದರೆ 36ಕ್ಕೆ 99 ಕೂಡಿಸಿ 135. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಕಾಯುವಿಕೆ ಮೊದಲ 5 ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ 10. ಸಾಮಾನು 20 ಕೆ.ಜಿ.ವರೆಗೆ ಉಚಿತ. 'ಮೀಟರ್ ಮೇಲೆ ಇಪ್ಪತ್ತು' ಎಂಬುದು ಯಾವ ದರಪಟ್ಟಿಯಲ್ಲೂ ಇಲ್ಲ. ಒಪ್ಪಿಕೊಂಡು ಹತ್ತಿದ ಮೇಲೆ ಜಗಳಕ್ಕೆ ಆಧಾರವೂ ಇಲ್ಲ.

ಊರಿಂದ ತಂದ 25 ಕೆ.ಜಿ. ಅಕ್ಕಿ ಚೀಲ ಮೆಟ್ರೊದಲ್ಲಿ ಬಿಡುತ್ತಾರಾ?
— ಓದುಗರು, ಗಂಗಾವತಿ

ಮಿತಿ 15 ಕೆ.ಜಿ., ಉದ್ದ 60, ಅಗಲ 45, ಎತ್ತರ 25 ಸೆಂಟಿಮೀಟರ್. ಎರಡು ಚೀಲ ಮಾಡಿ ಇಬ್ಬರು ಹಿಡಿದುಕೊಳ್ಳಿ. ತಪಾಸಣೆಯ ಯಂತ್ರದೊಳಗೆ ಚೀಲ ಅಡ್ಡಡ್ಡ ಮಲಗುತ್ತದೆ, ಬಾಯಿ ಹೊಲಿಸಿರಿ. ಬರೀ ಹುರಿ ಕಟ್ಟಿದ್ದು ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.